ಏಕಾದಶಿಯಂದು ಓಡಿದ ಕೇಶವಮೂರ್ತಿಗಳು

ಕೇಶವಮೂರ್ತಿಗಳು ಹದಿನಾರನೆಯ ವಯಸ್ಸಿನಿಂದ ಒಂದು ಏಕಾದಶಿಯನ್ನೂ ಬಿಟ್ಟವರಲ್ಲ. ಆ ದಿನ ಅನ್ನವಿಲ್ಲ, ಹಣ್ಣಿಲ್ಲ, ಒಂದು ತೊಟ್ಟು ನೀರೂ ಇಲ್ಲ. ಮರುದಿನ ದ್ವಾದಶಿಯ ಬೆಳಿಗ್ಗೆ ಪೂಜೆ ಮುಗಿಸಿ ತೀರ್ಥ ತೆಗೆದುಕೊಂಡ ಮೇಲೆಯೇ ಊಟ. ಇದನ್ನು ಅವರು ದೊಡ್ಡದು ಮಾಡಿ ಹೇಳಿಕೊಳ್ಳುತ್ತಿರಲಿಲ್ಲ. ಚೆಂಬೂರಿನ ನಮ್ಮ ಬಿಲ್ಡಿಂಗಿನಲ್ಲಿ ಅವರು ಎರಡನೆಯ ಮಾಳಿಗೆ, ನಾವು ಮೊದಲನೆಯದು. ಒಮ್ಮೆ ಮಾತ್ರ ಮೆಟ್ಟಿಲ ಮೇಲೆ ನಿಂತು ಹೇಳಿದ್ದರು: "ಬಿ.ಎ. ಅರ್ಧಕ್ಕೇ ನಿಂತ್ಹೋಯ್ತು. ಸಂಗೀತ ಕಲಿಯಕ್ಕೆ ಹೋದೆ, ಅದೂ ಅರ್ಧ. ಚನ್ನಪಟ್ಟಣದಲ್ಲಿ ಮನೆಗೆ ಅಂತ ತೋಡ್ಸಿದ ಪಾಯದಲ್ಲಿ ಈಗ ಪಕ್ಕದವರ ಎಮ್ಮೆ ಮಲಗತ್ತಂತೆ. ಇದೊಂದು ಮಾತ್ರ ನಡ್ಕೊಂಡು ಬಂದಿದೆ ನೋಡಿ."

ಮಾಹುಲ್ ಕಡೆಯ ಒಂದು ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಅವರು ಗುಮಾಸ್ತರು. ಕೆಲಸಗಾರರು ಎಷ್ಟು ಹೊತ್ತಿಗೆ ಒಳಗೆ ಬಂದರು, ಎಷ್ಟು ಹೊತ್ತಿಗೆ ಹೊರಟರು ಎಂದು ನೋಡುವುದು. ಒಂದು ದಿನ ಬಸ್ಸಿನವರು ಮುಷ್ಕರ ಹೂಡಿದ್ದರು. ತಾನೇ ತಡವಾದರೆ ಬೇರೆಯವರ ತಡವನ್ನು ಯಾವ ಬಾಯಲ್ಲಿ ಕೇಳಲಿ ಎಂದು, ಟಿಫಿನ್ ಡಬ್ಬಿಯನ್ನು ಎದೆಗೆ ಅವುಚಿಕೊಂಡು ಕಾರ್ಖಾನೆಯವರೆಗೂ ಓಡಿದರು. ಆಗ ಅವರಿಗೆ ನಲವತ್ತು. ಓಡಿದ್ದು ಹಿತವೆನಿಸಿತು. ಮಾರನೆಯ ದಿನ ಬಸ್ಸು ಬಂದರೂ ಬೆಳಿಗ್ಗೆ ಎದ್ದು ಓಡಿದರು.

ಆ ಬೆಳಗಿನ ಓಟದಲ್ಲೇ ಅವರಿಗೆ ಚೆನ್ನಯ ಸಿಕ್ಕಿದ್ದು. ಕಾರ್ಕಳದ ಕಡೆಯವನು. ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಬೆಳಗಿನ ಜಾವ ಮೂರಕ್ಕೆ ಎದ್ದು ಇಡ್ಲಿ ದೋಸೆಯ ಹಿಟ್ಟು ರುಬ್ಬುತ್ತಿದ್ದ. ಐದೂವರೆಗೆ ಮುಗಿದರೆ ಏಳರವರೆಗೆ ಬಿಡುವು. ಆ ಹೊತ್ತಿನಲ್ಲಿ ಬೇರೆಯವರು ಮಲಗುತ್ತಿದ್ದರು, ಇವನು ಬರಿಗಾಲಿನಲ್ಲಿ ಟ್ರಾಂಬೆ ರಸ್ತೆಯಲ್ಲಿ ಓಡುತ್ತಿದ್ದ.

"ಎಂತ ಭಟ್ರೇ, ನಾಯಿ ಅಟ್ಟಿಸಿಕೊಂಡು ಬಂತಾ?" ಎಂದು ಮೊದಲ ದಿನವೇ ಕೇಳಿದನಂತೆ.

"ನಾನು ಭಟ್ಟ ಅಲ್ಲಪ್ಪ. ಫ್ಯಾಕ್ಟರಿ ಗುಮಾಸ್ತ."

"ಬನಿಯನ್ ಒಳಗೆ ಜನಿವಾರ ಕಾಣ್ತದಲ್ಲ. ನಮ್ಮಲ್ಲಿ ಅದಕ್ಕೆ ಭಟ್ರು ಅಂತಲೇ ಹೇಳುದು."

ಆಮೇಲೆ ಹೆಸರು ಬದಲಾಗಲಿಲ್ಲ. ಎರಡು ವರ್ಷ ಅವರಿಬ್ಬರೂ ಬೆಳಗಾಗುವ ಮುಂಚೆ ಜೊತೆಯಲ್ಲಿ ಓಡಿದರು. ಮೂರ್ತಿಗಳು ಬಾಯೊಳಗೆ ಜಪ ಮಾಡುತ್ತ ಒಂದೇ ವೇಗ ಹಿಡಿದು ಓಡುವವರು. ಚೆನ್ನಯ ಜಿಂಕೆಯ ಹಾಗೆ ಮುಂದೆ ಹಾರಿ, ನಿಂತು, ಕಾದು, ಮತ್ತೆ ಹಾರುವವನು. "ನೀನು ಇಷ್ಟು ಹಾರಾಡಿದ್ರೆ ಹತ್ತು ಮೈಲಿ ಆದ್ಮೇಲೆ ಎತ್ಕೊಂಡ್ ಹೋಗ್ಬೇಕಾಗತ್ತೆ ಕಣಯ್ಯ" ಎಂದು ಮೂರ್ತಿಗಳು ಅವನನ್ನು ತಮ್ಮ ವೇಗಕ್ಕೆ ಪಳಗಿಸಿದರು.

ಎರಡನೆಯ ವರ್ಷ ಬೋರಿವಲಿಯ ಕಾಡಿನಲ್ಲಿ ಗಿರಿಪ್ರೇಮಿಗಳ ಒಂದು ಸಂಘದವರು ಮ್ಯಾರಥಾನ್ ಇಟ್ಟರು. ಡಾಂಬರು ರಸ್ತೆಯಲ್ಲಲ್ಲ, ಕಾಲುದಾರಿಯಲ್ಲಿ; ಗುಡ್ಡ ಹತ್ತಿ, ಇಳಿದು, ನಲವತ್ತೆರಡು ಕಿಲೋಮೀಟರ್. ಕಾಡಿನಲ್ಲಿ ಒಬ್ಬೊಬ್ಬರೇ ಹೋಗಿ ದಾರಿ ತಪ್ಪಬಾರದೆಂದು ಜೋಡಿಯಾಗಿ ಓಡಬೇಕೆಂಬ ನಿಯಮವಿತ್ತು. ದಾರಿಯಲ್ಲಿ ಅಲ್ಲಲ್ಲಿ ಸಂಘದವರು ಕೂತ ಪ್ರತಿ ಠಾಣೆಯನ್ನೂ ಇಬ್ಬರೂ ಒಟ್ಟಿಗೇ ದಾಟಬೇಕು. ಹಿಂದೆ ಉಳಿದವನು ಗುರಿ ಮುಟ್ಟಿದ ಹೊತ್ತೇ ಜೋಡಿಯ ಹೊತ್ತು.

ಮೂರ್ತಿಗಳ ಕಾರ್ಖಾನೆಯ ದೊಡ್ಡ ಸಾಹೇಬರಿಗೆ ಆಟೋಟದ ಹುಚ್ಚು. ಆಟಗಾರರಿಗೆಂದು ಅವರು ಪ್ರತಿ ವರ್ಷ ಒಂದೆರಡು ಪರ್ಮನೆಂಟ್ ನೌಕರಿ ಇಟ್ಟಿರುತ್ತಿದ್ದರು. ಮೂರ್ತಿಗಳು ಧೈರ್ಯ ಮಾಡಿ ಚೆನ್ನಯನ ವಿಷಯ ಹೇಳಿದರು. ಸಾಹೇಬರು, "ನೀನೂ ಅವನೂ ಕಂಪನಿಯ ಹೆಸರಲ್ಲಿ ಓಡಿ. ಐದು ಗಂಟೆಯೊಳಗೆ ಮುಗಿಸಿದರೆ ಅವನನ್ನು ತೆಗೆದುಕೊಳ್ಳುತ್ತೇನೆ" ಎಂದರು. ಚೆನ್ನಯನಿಗೆ ಮಾರ್ಚಿಗೆ ಇಪ್ಪತ್ತೆಂಟು ತುಂಬುತ್ತಿತ್ತು. ಅಲ್ಲಿಗೆ ಆ ನೌಕರಿಯ ವಯಸ್ಸಿನ ಮಿತಿ ಮುಗಿಯುತ್ತಿತ್ತು. ಅಂದರೆ ಅವನಿಗಿದ್ದದ್ದು ಈ ಒಂದೇ ಓಟ.

"ಹದಿನಾರು ವರ್ಷ ಆಯ್ತು ಭಟ್ರೇ, ಹೋಟೆಲಿನ ಅಟ್ಟದಲ್ಲಿ ಮಲಗುದು," ಎಂದ ಅವನು. "ಪರ್ಮನೆಂಟ್ ಆದ್ರೆ ಒಂದು ಖೋಲಿ ಮಾಡಿ ಅಮ್ಮನನ್ನು ಕರ್ಕೊಂಡು ಬರ್ಬಹುದು."

ಅಕ್ಟೋಬರಿನಿಂದ ತಾಲೀಮು ಬಿಗಿಯಾಯಿತು. ಎರಡು ವಾರಕ್ಕೊಂದು ಭಾನುವಾರ ಚೆನ್ನಯ ಪಾಳಿ ಬದಲಾಯಿಸಿಕೊಳ್ಳುವನು. ಮೊದಲ ಲೋಕಲ್ ಹಿಡಿದು ಕುರ್ಲಾ, ಅಲ್ಲಿಂದ ದಾದರ್, ಅಲ್ಲಿಂದ ಬೋರಿವಲಿ. ಕಾಡಿನ ದಾರಿಯಲ್ಲಿ ಗುರು ಶಿಷ್ಯರು ಅದಲುಬದಲು. ಇಳಿಜಾರಿನಲ್ಲಿ ಮೂರ್ತಿಗಳು ಹೆದರಿ ಹಿಂದಕ್ಕೆ ವಾಲುತ್ತಿದ್ದರು, ಜಲ್ಲಿಯ ಮೇಲೆ ಜಾರಿ ಕೂರುತ್ತಿದ್ದರು. "ಹಿಂದೆ ವಾಲಿದ್ರೇ ಬೀಳುದು. ಸಣ್ಣ ಸಣ್ಣ ಹೆಜ್ಜೆ ಹಾಕಿ, ಒಲೆ ಪಕ್ಕ ಬಿಸಿ ಸಾರು ಹಿಡ್ಕೊಂಡು ಹೋಗುವ ಹಾಗೆ" ಎಂದು ಚೆನ್ನಯ ಕಲಿಸಿದ. ಡಿಸೆಂಬರಿನ ಕೊನೆಗೆ ಮೂವತ್ತೈದು ಕಿಲೋಮೀಟರನ್ನು ಅವರು ನಾಲ್ಕು ಗಂಟೆಯೊಳಗೆ ಓಡಿದರು. ಇನ್ನು ಭಯವಿಲ್ಲ ಎಂದುಕೊಂಡರು.

ಓಟ ಜನವರಿಯ ಒಂದು ಭಾನುವಾರ. ಗೋಡೆಯ ಮರಾಠಿ ಕ್ಯಾಲೆಂಡರಿನಲ್ಲಿ ಶನಿವಾರ ಏಕಾದಶಿ. ಮೂರ್ತಿಗಳು ಮೊದಲೇ ನೋಡಿಟ್ಟುಕೊಂಡಿದ್ದರು: ಶನಿವಾರ ಉಪವಾಸ, ಭಾನುವಾರ ಬೆಳಗಿನ ಜಾವ ಪಾರಣೆ ಮಾಡಿ ಓಟಕ್ಕೆ. ಆದರೆ ಅವರ ಮತದವರಿಗೆ ಏಕಾದಶಿಯನ್ನು ಮಠದ ಪಂಚಾಂಗ ನೋಡಿಯೇ ಹಿಡಿಯಬೇಕು. ದಶಮಿಯ ಸೋಂಕು ಬೆಳಗಿನ ಜಾವದವರೆಗೆ ಉಳಿದಿದ್ದರೆ ಆ ದಿನ ಬಿಟ್ಟು ಮರುದಿನ ಉಪವಾಸ. ಇದು ಮೂರ್ತಿಗಳಿಗೆ ಗೊತ್ತಿಲ್ಲದ್ದಲ್ಲ. ಆದರೆ ಹದಿನೆಂಟು ವರ್ಷದಿಂದ ಪಂಚಾಂಗ ನೋಡಿ "ನಾಡಿದ್ದು ಏಕಾದಶಿ" ಎನ್ನುತ್ತಿದ್ದವರು ಅವರ ಹೆಂಡತಿ ಕೌಸಲ್ಯಾ. ಕೌಸಲ್ಯಾ ತಂಗಿಯ ಬಾಣಂತನಕ್ಕೆ ಮೈಸೂರಿಗೆ ಹೋಗಿದ್ದರು. ಪಂಚಾಂಗವೂ ಅವರ ಜೊತೆ ಹೋಗಿತ್ತು.

ಶನಿವಾರ ಇಡೀ ದಿನ ನೀರೂ ಕುಡಿಯದೆ ಕೆಲಸ ಮುಗಿಸಿ ಮೂರ್ತಿಗಳು ಸಂಜೆ ಮಠಕ್ಕೆ ಹೋದರು. ಅಲ್ಲಿಯ ಆಚಾರ್ಯರು ಅವರ ಒಣಗಿದ ತುಟಿ ನೋಡಿದರು.

"ಏನು ಮೂರ್ತಿಗಳೇ, ಮೈ ಸರಿ ಇಲ್ವೇ?"

"ಏಕಾದಶಿ ಅಲ್ವೇ ಆಚಾರ್ರೆ."

"ಇವತ್ತು ದಶಮಿ ವಿದ್ಧ. ಏಕಾದಶಿ ನಾಳೆ. ಮನೆಯಲ್ಲಿ ಯಜಮಾನರಿಲ್ವೇನು?"

ಪಕ್ಕದಲ್ಲಿದ್ದವರು ನಕ್ಕರು. ಮೂರ್ತಿಗಳು ಕಂಬಕ್ಕೆ ಒರಗಿ ಕುಳಿತರು. ಆಚಾರ್ಯರು ಬಾಳೆಹಣ್ಣು, ಹಾಲು ತರಿಸಿಕೊಟ್ಟು, ಹೊತ್ತು ಮುಳುಗುವ ಮುಂಚೆ ತೆಗೆದುಕೊಳ್ಳಿ ಎಂದರು. ಓಟದ ವಿಷಯ ಮೂರ್ತಿಗಳು ಅವರಿಗೆ ಹೇಳಲಿಲ್ಲ. ಹೇಳಿದ್ದರೆ ಆಪತ್ಕಾಲಕ್ಕೆ ಶಾಸ್ತ್ರದಲ್ಲಿ ದಾರಿಯಿದೆ ಎನ್ನುತ್ತಿದ್ದರೋ ಏನೋ. "ಕೇಳೋಕೆ ಮನಸ್ಸು ಬರ್ಲಿಲ್ಲ. ರಿಯಾಯ್ತಿ ಸಿಕ್ಕಿಬಿಟ್ರೆ ಅನ್ನೋ ಭಯ" ಎಂದು ಬಹಳ ದಿನದ ಮೇಲೆ ನಮಗೆ ಹೇಳಿದರು. ಹಿಂದೆ ಸರಿದರೆ ಚೆನ್ನಯನ ನೌಕರಿ ಹೋಗುತ್ತದೆ. ನೀರು ಕುಡಿದರೆ ಇಪ್ಪತ್ತಾರು ವರ್ಷದ ವ್ರತ ಹೋಗುತ್ತದೆ. ಒಣಬಾಯಲ್ಲಿ ಓಡಿದರೆ ಎರಡೂ ಉಳಿಯುತ್ತವೆ ಎಂದು ತೀರ್ಮಾನಿಸಿ ಮಲಗಿದರು.

ಬೆಳಿಗ್ಗೆ ಆರಕ್ಕೆ ನಲವತ್ತು ಜೋಡಿ ಹೊರಟವು. ಚಳಿಯಿತ್ತು, ಇಬ್ಬರೂ ಚೆನ್ನಾಗಿಯೇ ಓಡಿದರು. ಮೊದಲ ಠಾಣೆಯಲ್ಲಿ ಡ್ರಮ್ಮಿನ ನೀರು, ಗ್ಲೂಕೋಸ್ ಇಟ್ಟಿದ್ದರು. ಚೆನ್ನಯ ಲೋಟ ಹಿಡಿದು ತಿರುಗಿ ನೋಡಿದ.

"ನೀವು ಕುಡಿಯುದಿಲ್ವಾ?"

"ಇವತ್ತು ಏಕಾದಶಿ ಕಣಯ್ಯ. ನಿನ್ನೆ ಅಂತ ತಪ್ಪು ತಿಳ್ಕೊಂಡಿದ್ದೆ. ನೀನು ಕುಡಿ."

ಚೆನ್ನಯ ಲೋಟವನ್ನು ಹಾಗೆಯೇ ಕೆಳಗಿಟ್ಟ. "ನನಗೂ ಬಾಯಾರಿಲ್ಲ" ಎಂದು ಹೊರಟುಬಿಟ್ಟ. ಎರಡನೆಯ ಠಾಣೆಯಲ್ಲೂ ಅದೇ ಮಾತು. ಮೂರನೆಯದರಲ್ಲೂ ಅದನ್ನೇ ಹೇಳಿದಾಗ ಮೂರ್ತಿಗಳು ರೇಗಿದರು.

"ಏನ್ ಹಠ ನಿಂದು? ವ್ರತ ನಂದು, ನಿಂದಲ್ಲ."

"ವ್ರತದಲ್ಲಿರುವವರ ಎದುರು ಬಾಯಿಗೆ ನೀರು ಹಾಕ್ಬಾರ್ದು ಅಂತ ಅಮ್ಮ ಹೇಳಿಕೊಟ್ಟದ್ದು. ನೀವು ಓಡಿ ಭಟ್ರೇ, ಮಾತಾಡಿದ್ರೆ ಬಾಯಿ ಒಣಗ್ತದೆ."

ಅರ್ಧ ದಾರಿಗೆ ಎರಡು ಗಂಟೆ ಹದಿನೆಂಟು ನಿಮಿಷವಾಗಿತ್ತು. ಹೀಗೇ ಹೋದರೆ ಐದು ಗಂಟೆಯೊಳಗೆ ಸಲೀಸಾಗಿ ಮುಗಿಯುತ್ತಿತ್ತು. ಮೂರ್ತಿಗಳ ಮೈಗೆ ಉಪವಾಸ ಹೊಸದಲ್ಲ. ತಿಂಗಳಿಗೆ ಎರಡು ಸಲ ಒಣಗಿ ಒಣಗಿ ಅದು ಪಳಗಿತ್ತು. ಚೆನ್ನಯನ ಮೈಗೆ ಆ ಅಭ್ಯಾಸವಿರಲಿಲ್ಲ. ಬಿಸಿಲು ಏರಿತು. ಮೂವತ್ತನೆಯ ಕಿಲೋಮೀಟರಿನ ಏರಿನಲ್ಲಿ ಅವನು ನೇರ ದಾರಿ ಬಿಟ್ಟು ಅಡ್ಡಾದಿಡ್ಡಿ ಕಾಲು ಹಾಕತೊಡಗಿದ. ಮೂರ್ತಿಗಳು ತೋಳು ಹಿಡಿದು ನೋಡಿದರೆ ಚರ್ಮ ಒಣಗಿ ಸುಡುತ್ತಿತ್ತು, ಬೆವರೇ ಇರಲಿಲ್ಲ. ಮುಂದಿನ ಹೆಜ್ಜೆಗೆ ಅವನು ಕುಸಿದ.

ಹತ್ತಿರದಲ್ಲಿ ಆದಿವಾಸಿಗಳ ನಾಲ್ಕೈದು ಗುಡಿಸಲುಗಳಿದ್ದವು. ಮೂರ್ತಿಗಳು ಕೂಗಿದಾಗ ಒಬ್ಬ ಮುದುಕಿ ಅಲ್ಯುಮಿನಿಯಂ ಚೊಂಬಿನಲ್ಲಿ ನೀರು ತಂದಳು. ಚೆನ್ನಯ ಕಣ್ಣು ಬಿಟ್ಟು ಚೊಂಬನ್ನು ನೋಡಿ, ಮೂರ್ತಿಗಳ ಮುಖ ನೋಡಿ, ತಲೆ ಅತ್ತ ತಿರುಗಿಸಿದ.

"ಕುಡಿಯೋ."

"ನಿಮ್ಮ ವ್ರತ..." ಎಂದನಂತೆ. ನಾಲಿಗೆ ಸರಿಯಾಗಿ ಹೊರಳುತ್ತಿರಲಿಲ್ಲ.

ಮುದುಕಿಗೆ ಏನೂ ಅರ್ಥವಾಗಲಿಲ್ಲ. "ದೋಘೇ ವೇಡೇ," ಇಬ್ಬರೂ ಹುಚ್ಚರು, ಎಂದಳು.

ಮೂರ್ತಿಗಳು ಅವಳ ಕೈಯಿಂದ ಚೊಂಬು ತೆಗೆದುಕೊಂಡರು. ಕಣ್ಣು ಮುಚ್ಚಿ ಒಂದು ಸಲ ಹರಿಯ ಹೆಸರು ಹೇಳಿ, ಚೆನ್ನಯನಿಗೆ ಕಾಣುವಂತೆ ಎತ್ತಿ ಗಟಗಟನೆ ಕುಡಿದರು. ಅರ್ಧ ಉಳಿಸಿ ಅವನ ಬಾಯಿಗೆ ಹಿಡಿದರು. ಆಗ ಅವನು ಕುಡಿದ. ಮುದುಕಿ ಮತ್ತೊಂದು ಚೊಂಬು ತಂದು ಅವನ ತಲೆಗೆ ಸುರಿದಳು. ಉಪ್ಪು ಕಲಸಿದ ಗಂಜಿ ಕೊಟ್ಟಳು. ಮೂರ್ತಿಗಳು ಅವನ ಮೀನಖಂಡ ಉಜ್ಜುತ್ತ ಕೂತರು. ಜೋಡಿಗಳು ಒಂದೊಂದಾಗಿ ದಾಟಿ ಹೋದವು.

"ಸಾಕು ಚೆನ್ನಯ, ಬಿಟ್ಬಿಡೋಣ" ಎಂದರು ಮೂರ್ತಿಗಳು.

"ಇಲ್ಲ, ಏಳ್ಸಿ ನನ್ನನ್ನು" ಎಂದ ಅವನು.

ನಡೆದರು, ಆಮೇಲೆ ಓಡಿದರು. ಕೊನೆಯ ಠಾಣೆಗಳಲ್ಲಿ ಇಬ್ಬರೂ ನೀರು ಕುಡಿದರು. ಗುರಿ ಮುಟ್ಟಿದಾಗ ಐದು ಗಂಟೆ ಏಳು ನಿಮಿಷ. ಇಪ್ಪತ್ತೊಂದನೆಯ ಜೋಡಿ.

ಸೋಮವಾರ ಮೂರ್ತಿಗಳು ಸಾಹೇಬರ ಮುಂದೆ ನಿಂತು ತಪ್ಪು ತಮ್ಮದು ಎಂದು ಹೇಳಿದರು. ಮತ್ತೆ ಎರಡು ಸಲ ಹೋಗಿ ಕೇಳಿದರು. ಸಾಹೇಬರು ಕೆಟ್ಟವರಲ್ಲ, ಆದರೆ ಆ ಜಾಗಕ್ಕೆ ಫುಟ್‌ಬಾಲ್ ಆಡುವ ಒಬ್ಬನ ಹೆಸರು ಹೋಗಿಯಾಗಿತ್ತು. ಮಾರ್ಚ್ ಬಂತು, ಚೆನ್ನಯನಿಗೆ ಇಪ್ಪತ್ತೆಂಟು ತುಂಬಿತು. ಮೂರ್ತಿಗಳು ಬೆಳಗಿನ ಓಟ ನಿಲ್ಲಿಸಿದ್ದರು. ಹೋಟೆಲಿನ ರಸ್ತೆ ಬಿಟ್ಟು ಸುತ್ತುಬಳಸಿ ಸ್ಟೇಷನ್ನಿಗೆ ಹೋಗುತ್ತಿದ್ದರು.

ಕೌಸಲ್ಯಾ ಊರಿಂದ ಬಂದವರು ಎಲ್ಲ ಕೇಳಿದರು. ಆ ದಿನ ನಾನು ಅವರ ಮನೆಯಲ್ಲೇ ಕೌಸಲ್ಯಾ ಜೊತೆ ಬತ್ತಿ ಹೊಸೆಯುತ್ತ ಕೂತಿದ್ದೆ.

"ನೀರು ಕುಡಿದದ್ದಕ್ಕೆ ಪ್ರಾಯಶ್ಚಿತ್ತ ಕೇಳಿದ್ರಾ?"

"ಕೇಳ್ದೆ. ಆಚಾರ್ರು ಜಪ ಹೇಳಿದ್ರು. ಮಾಡ್ತಿದೀನಿ."

"ಮತ್ತೆ ಇನ್ನೂ ಯಾಕೆ ಸೂತಕದ ಮನೆ ಹಾಗೆ ಕೂತಿದೀರಿ?"

"ಅದು ಕುಡಿದದ್ದಕ್ಕೆ ಆಯ್ತು ಕೌಸಲ್ಯಾ. ತಡವಾಗಿ ಕುಡಿದೆನಲ್ಲ, ಮೊದಲ್ನೇ ಠಾಣೇಲಿ ಕುಡೀಲಿಲ್ಲವಲ್ಲ, ಅದಕ್ಕೆ ಯಾರನ್ನ ಕೇಳ್ಲಿ?"

ಕೌಸಲ್ಯಾ ಬತ್ತಿಯನ್ನು ಕೆಳಗಿಟ್ಟರು. "ಅವನನ್ನೇ ಹೋಗಿ ಕೇಳಿ. ನನ್ನನ್ನ ಕೇಳಿದ್ರೆ ಏನು ಬಂತು?"

ಮಾರನೆಯ ಮಧ್ಯಾಹ್ನ, ಹೋಟೆಲಿನಲ್ಲಿ ಗಿರಾಕಿಗಳು ಕಡಿಮೆಯಾದ ಹೊತ್ತಿಗೆ ಮೂರ್ತಿಗಳು ಹಿಂಬಾಗಿಲಿಗೆ ಹೋದರು. ಚೆನ್ನಯ ಕುಕ್ಕರುಗಾಲಲ್ಲಿ ಕೂತು ಉದ್ದಿನಬೇಳೆ ತೊಳೆಯುತ್ತಿದ್ದ. ಒಂದು ಸಲ ತಲೆ ಎತ್ತಿ ನೋಡಿ ಮತ್ತೆ ತೊಳೆಯತೊಡಗಿದ.

"ತಪ್ಪಾಯ್ತು ಚೆನ್ನಯ" ಎಂದರು.

"ನೀವು ತಪ್ಪಾಯ್ತು ಅಂದ್ರೆ ನಾನೂ ಹೇಳ್ಬೇಕಾಗ್ತದೆ ಭಟ್ರೇ. ಬಾಯಾರಿಲ್ಲ ಅಂತ ಮೂರು ಸಲ ಸುಳ್ಳು ಹೇಳಿದ್ದು ನಾನೇ."

"ನಿನ್ನ ನೌಕರಿ ಹೋಯ್ತಲ್ಲೋ."

"ಹೋಯ್ತು." ಅವನು ನೀರು ಬಸಿದು, ಬೇಳೆಯನ್ನು ಕೈಯಲ್ಲಿ ಆಡಿಸಿದ. "ಬೇಜಾರು ಉಂಟು. ಇಲ್ಲ ಅಂತ ಹೇಳುದಿಲ್ಲ. ನಿಮ್ಮ ಮೇಲೂ ಸ್ವಲ್ಪ ಉಂಟು. ಅಮ್ಮನಿಗೆ ಕಾಗದ ಹಾಕಿ ಆಗಿತ್ತು, ಖೋಲಿ ಮಾಡ್ತೇನೆ ಅಂತ."

ಚೆನ್ನಯ ಬೇಳೆಯ ಪಾತ್ರೆಗೆ ಮತ್ತೆ ನೀರು ಸುರಿದ.

"ಈಗ ನೀವು ಹೋಗಿ. ಸೇಟು ನೋಡಿದ್ರೆ ಬಯ್ತಾನೆ. ನನಗೆ ಮನಸ್ಸಾದಾಗ ನಾನೇ ಬರ್ತೇನೆ."

ಮಾರನೆಯ ದಿನದಿಂದ ಮೂರ್ತಿಗಳು ಮತ್ತೆ ಓಡಲು ಹೊರಟರು, ಒಬ್ಬರೇ, ಅದೇ ರಸ್ತೆಯಲ್ಲಿ. ಏಕಾದಶಿಗಳಲ್ಲಿ ಊಟ ಬಿಟ್ಟರು, ನೀರು ಬಿಡಲಿಲ್ಲ. ಮಠದಲ್ಲಿ ಯಾರಾದರೂ ಕೇಳಿದರೆ "ನನ್ನ ಯೋಗ್ಯತೆ ಇಷ್ಟೇ" ಎನ್ನುತ್ತಿದ್ದರು. ಹಾಗೆ ಹೇಳುವಾಗ ಅವರ ಧ್ವನಿಯಲ್ಲಿ ನೋವು ಇತ್ತು. ಅದನ್ನು ಅವರು ಮುಚ್ಚಿಡಲೂ ಇಲ್ಲ.

ಏಪ್ರಿಲ್ ಕಳೆಯಿತು, ಮೇ ಕಳೆಯಿತು. ಮಳೆ ಹಿಡಿದ ಮೇಲೆ ಜೂನಿನ ಒಂದು ಬೆಳಗಿನ ಜಾವ ನಾನು ಹಾಲಿಗೆಂದು ಕೆಳಗಿಳಿದಾಗ, ಬಿಲ್ಡಿಂಗಿನ ಗೇಟಿನ ಬಳಿ ಚೆನ್ನಯ ತಲೆಗೆ ಗೋಣಿತಾಟು ಹಾಕಿಕೊಂಡು ನಿಂತಿದ್ದ. ಮೂರ್ತಿಗಳು ಮೆಟ್ಟಿಲಿಳಿದು ಬಂದವರು ಅವನನ್ನು ಕಂಡು ಅಲ್ಲಿಯೇ ನಿಂತರು.

"ರಸ್ತೆ ಜಾರ್ತದೆ ಭಟ್ರೇ, ನಿಧಾನ ಹೋಗುವ" ಎಂದ ಅವನು.

ಇಬ್ಬರೂ ಮಳೆಯಲ್ಲೇ ಹೊರಟರು.