ಹೊಸ ಬಾಗಿಲಿಗೂ ಜಗ್ಗದ ಚಳಿ

ಬೆಟ್ಟನಾಡಿನ ನರಿನ್ ಊರಿನ ಮೇಲ್ಕೇರಿಯಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಸಗಿನ್‌ಬಾಯ್ ಅವರ ಮನೆಯ ಹೊಸ ಬೀದಿ ಬಾಗಿಲನ್ನು ಒಳಗಿಂದ ಭದ್ರವಾಗಿ ಮುಚ್ಚಿ, ಅದರ ಬುಡದಲ್ಲಿ, ಊರವರು ಉಸ್ತಾ ಎಂದು ಕರೆಯುವ ಬಡಗಿ ಜೆಕ್ಷೆನ್ ಮಂಡಿಯೂರಿ ಕೂತಿದ್ದಾರೆ. ಕೈಯಲ್ಲಿ ಹೊಗೆಯಾಡುವ ಆರ್ಚಾ ಗಿಡದ ಕಡ್ಡಿ. ಗಾಳಿ ನುಗ್ಗುವ ಸಂದಿ ಇದ್ದರೆ ಹೊಗೆ ವಾಲಬೇಕು. ಹೊಸ್ತಿಲು, ಕೀಲು, ಬೀಗದ ತೂತು ಎಲ್ಲ ನೋಡಿಯಾಯಿತು. ಹೊಗೆ ನೆಟ್ಟಗೆ ಮೇಲೇರುತ್ತಿದೆ. ಅವರು ಮತ್ತೆ ಮೊದಲಿಂದ ಶುರು ಮಾಡುತ್ತಾರೆ.

"ಎಲ್ಲೂ ಗಾಳಿ ಬರ್ತಿಲ್ಲ," ಎನ್ನುತ್ತಾರೆ, ಅಳುಮೋರೆ ಮಾಡಿಕೊಂಡು. "ಬಂದಿದ್ರೆ ಚೆನ್ನಾಗಿತ್ತು. ಎಲ್ಲಿಂದ ಅಂತಾದ್ರೂ ಗೊತ್ತಾಗ್ತಿತ್ತು."

ಸಗಿನ್‌ಬಾಯ್ ಅವರ ಹೆಂಡತಿ ಉಮ್ಸುನ್ ಅವರ ಬಾಯಿ ಸುಮ್ಮನಿರುವಂಥದ್ದಲ್ಲ. "ಬಾಗಿಲಿಗೆ ದೃಷ್ಟಿ ತೆಗೀತಿದ್ದೀಯೇನೋ ಉಸ್ತಾ? ಇಷ್ಟು ದುಡ್ಡು ನುಂಗಿದ್ದಕ್ಕೆ ದೃಷ್ಟಿನೂ ಆಗಿರ್ಬೇಕು ಬಿಡು."

"ನಗ್ಬೇಡಿ ಅತ್ತಿಗೆ. ನಂಗೇ ತಲೆಬುಡ ತಿಳೀತಿಲ್ಲ."

ಹೇಗೆ ನೋಡಿದರೂ ನಗುವ ಮಾತಲ್ಲ. ಈ ಮನೆಯವರು ಶರತ್ಕಾಲದಲ್ಲಿ ಒಂದು ಕಡಸನ್ನು ಮಾರಿದ್ದರು. ಬಂದದ್ದು ಅರವತ್ತು ಸಾವಿರ ಸೊಮ್. ಹಾಸಿಗೆ ಇದ್ದಷ್ಟು ಕಾಲು ಚಾಚುವವರು ಅವರು. ಯಾವ ಬಾಗಿಲು ಮೊದಲು ಎಂದು ಜೆಕ್ಷೆನ್‌ರನ್ನೇ ಕರೆಸಿ ಕೇಳಿದ್ದರು. "ಬೀದಿ ಬಾಗಿಲು," ಎಂದಿದ್ದರು ಇವರು. ಮೂವತ್ತೆಂಟು ಸಾವಿರ ಅದಕ್ಕೇ ಹೋಯಿತು. ಎರಡು ಪದರದ ಹಲಗೆ, ನಡುವೆ ದಪ್ಪ ಉಣ್ಣೆ ಕಂಬಳಿ. ಆದರೂ ಚಳಿ ಜಗ್ಗಲಿಲ್ಲ. ಎರಡು ತಿಂಗಳ ಮೊಮ್ಮಗ ವಾರದಿಂದ ಕೆಮ್ಮುತ್ತಿದ್ದಾನೆ. ಉಳಿದ ಇಪ್ಪತ್ತೆರಡು ಸಾವಿರವನ್ನು ಎಲ್ಲಿ ಹಾಕಿದರೆ ಆ ಕೆಮ್ಮು ನಿಲ್ಲುತ್ತದೆ ಎಂಬುದು ಈ ಹೊತ್ತಿನ ಪ್ರಶ್ನೆ. ಉತ್ತರ ಹೇಳಬೇಕಾದವರು ಹೊಗೆ ನೋಡುತ್ತ ಕೂತಿದ್ದಾರೆ.

ಜೆಕ್ಷೆನ್‌ಗೆ ಈಗ ಐವತ್ತೊಂಬತ್ತು. ಹರೆಯದಲ್ಲಿ ಸರ್ಕಾರಿ ಪೀಠೋಪಕರಣ ಕಾರ್ಖಾನೆಯಲ್ಲಿದ್ದರು. ಅದು ಮುಚ್ಚಿದಾಗ ಸಂಬಳದ ಬದಲು ಒಂದು ಹತ್ತರಿ, ಎರಡು ಉಳಿ, ಒಂದು ಗಾಡಿ ಹಲಗೆ ಸಿಕ್ಕಿತು. ಆ ಹಲಗೆಯಿಂದ ಮಾಡಿದ ಮೊದಲ ಬಾಗಿಲು ಇಂದಿಗೂ ಕೆಳಕೇರಿಯ ರೊಟ್ಟಿ ಅಂಗಡಿಯಲ್ಲಿದೆ. ಮೈ ಮುರಿದು ದುಡಿದರೆ ವಾರಕ್ಕೆ ಎರಡು ಬಾಗಿಲು. ಮಂಡಿ ಸವೆದಿದೆ, ಬಲಗೈಯ ಎರಡು ಬೆರಳು ಚಳಿಗೆ ಮರಗಟ್ಟುತ್ತವೆ. ಬಾಗಿಲು ಹಾಕಿಸದೆ ಬರೀ ಲೆಕ್ಕ ಕೇಳಲು ಕರೆದವರ ಹತ್ತಿರ ಚಹಾ ಬಿಟ್ಟು ಏನೂ ತೆಗೆದುಕೊಳ್ಳುವುದಿಲ್ಲ.

"ಜನರ ಹತ್ರ ಒಂದು ಬಾಗಿಲಿಗೆ ದುಡ್ಡಿರತ್ತೆ, ಮೂರು ಬಾಗಿಲು ಹಾಳಾಗಿರತ್ತೆ. ಯಾವ್ದು ಅಂತ ಹೇಳೋದೇ ನನ್ನ ಕೆಲ್ಸ. ಕೆತ್ತೋದು ಆಮೇಲೆ," ಎನ್ನುತ್ತಾರೆ. "ಆದ್ರೆ ಈ ವರ್ಷ ಮೂರು ಮನೆಯವ್ರು ಹಿಂಗೇ ಅಂದ್ರು. ಬಾಗಿಲು ಚೆನ್ನಾಗಿದೆ, ಚಳಿ ಹಂಗೇ ಇದೆ ಅಂತ. ನನ್ನ ಕೈ ಕೆಟ್ಟಿತೋ, ಗಾಳಿನೇ ಬದಲಾಯ್ತೋ, ಏನೂ ಗೊತ್ತಾಗ್ತಿಲ್ಲ."

ಒಳಗೆ ಚಹಾಕ್ಕೆ ಹಾಸು ಹಾಕಿಯಾಗಿದೆ. ಸಗಿನ್‌ಬಾಯ್ ಕೈ ಹಿಡಿದು ಉಸ್ತಾನನ್ನು ತೋರ್‌ಗೆ ಕರೆದೊಯ್ಯುತ್ತಾರೆ. ಬಾಗಿಲಿಗೆ ದೂರ, ಒಲೆಗೆ ಹತ್ತಿರ ಇರುವ ಗೌರವದ ಜಾಗ ಅದು. ಬೆನ್ನಿಗೆ ಎರಡು ದಿಂಬು. ಸ್ವಲ್ಪ ಹೊತ್ತಿಗೆ ಜೆಕ್ಷೆನ್ ಬೆವರಿ ಮೇಲಂಗಿ ಬಿಚ್ಚುತ್ತಾರೆ. ಹಾಸಿನ ಕೊನೆಯಲ್ಲಿ, ಬಾಗಿಲ ಕಡೆ, ಸೊಸೆ ಜಿಪಾರ್ ಕೂತು ಚಹಾ ಸುರಿಯುತ್ತಿದ್ದಾಳೆ. ಬಟ್ಟಲಿಗೆ ಅರ್ಧ ಮಾತ್ರ. ತುಂಬಿಸಿ ಕೊಟ್ಟರೆ ಕುಡಿದು ಎದ್ದು ಹೋಗಿ ಎಂದಂತೆ. ಮಗ್ಗುಲಲ್ಲೇ ತೊಟ್ಟಿಲು. ಒಂದು ಕೈ ಚಹಾಕ್ಕೆ, ಒಂದು ಕೈ ತೊಟ್ಟಿಲಿಗೆ. ಮಾವನ ಎದುರು ಅವಳು ದನಿ ಎತ್ತುವುದಿಲ್ಲ.

"ನೋಡು ಉಸ್ತಾ," ಎಂದು ಸಗಿನ್‌ಬಾಯ್ ಗಂಟಲು ಸರಿಮಾಡಿಕೊಳ್ಳುತ್ತಾರೆ. "ಇರೋದು ಎರಡೇ ಬಾಗಿಲು. ಬೀದೀದು ಆಯ್ತು. ಇನ್ನು ಅತಿಥಿಗಳ ಕೋಣೇದು. ಚಳಿ ಅಲ್ಲಿಂದಾನೇ ಬರ್ತಿರ್ಬೇಕು. ಅದಕ್ಕೊಂದು ಕೆತ್ತನೆ ಬಾಗಿಲು ಹಾಕ್ಬಿಡು."

"ಇರ್ಬಹುದು ಅಣ್ಣ. ಇರ್ಲಿಕ್ಕೂ ಇಲ್ಲ," ಎನ್ನುತ್ತಾರೆ ಜೆಕ್ಷೆನ್. ಹೂಂ ಎಂದುಬಿಟ್ಟರೆ ಕೆಲಸ ಸಿಗುತ್ತದೆ. ಆದರೆ ಮನಸ್ಸು ಒಪ್ಪುವುದಿಲ್ಲ.

ಮಗು ಮತ್ತೆ ಕೆಮ್ಮುತ್ತದೆ. ಉಮ್ಸುನ್‌ಗೆ ಸಹನೆ ಮೀರುತ್ತದೆ. "ನಿನ್ನ ಹೊಗೆ ಬಾಗಿಲಿಗೆ ಬೇಡ, ಕೊಡು ಇಲ್ಲಿ," ಎಂದು ಜೆಕ್ಷೆನ್ ಒಲೆಯಂಚಿಗೆ ಇಟ್ಟಿದ್ದ ಆರ್ಚಾ ಕಡ್ಡಿ ಎತ್ತಿಕೊಂಡು, ತೊಟ್ಟಿಲಿಗೆ ಮೂರು ಸುತ್ತು ಸುಳಿದು ಮೊಮ್ಮಗನ ದೃಷ್ಟಿ ತೆಗೆಯತೊಡಗುತ್ತಾರೆ. ತುಟಿಯಲ್ಲಿ ಮಂತ್ರ. ಹೊಗೆ ಮಾತ್ರ ಮೇಲೇರುತ್ತಿಲ್ಲ. ತೊಟ್ಟಿಲ ಮೇಲೆ ಅಡ್ಡಡ್ಡ ಮಲಗಿ ಒಲೆಯ ಕಡೆ ಹರಿಯುತ್ತಿದೆ.

ಜೆಕ್ಷೆನ್ ಬಟ್ಟಲು ಕೆಳಗಿಡುತ್ತಾರೆ. ಎದ್ದು, ಹಾಸಿನ ಉದ್ದಕ್ಕೂ ನಡೆದು, ಜಿಪಾರ್ ಎದುರು ನಿಲ್ಲುತ್ತಾರೆ. "ಸ್ವಲ್ಪ ಸರ್ಕೊಳಮ್ಮ. ನಾನಿಲ್ಲಿ ಕೂರ್ತೀನಿ."

ಹುಡುಗಿ ಬೆಚ್ಚಿ ಮಾವನ ಮುಖ ನೋಡುತ್ತಾಳೆ. ಸಗಿನ್‌ಬಾಯ್ ಕೆಂಡವಾಗುತ್ತಾರೆ. "ಏಯ್, ಏನಿದು? ಮನೆಗೆ ಬಂದ ಉಸ್ತಾನ್ನ ಹೊಸ್ತಿಲ ಹತ್ರ ಕೂರಿಸಿದ್ರು ಅಂತ ಊರು ಆಡ್ಕೊಳ್ಬೇಕಾ? ನಾವೇನು ತಪ್ಪು ಮಾಡಿದ್ವಿ ನಿಂಗೆ?"

"ನೀವೇನೂ ಮಾಡಿಲ್ಲ ಅಣ್ಣ. ಒಂದು ಬಟ್ಟಲು ಚಹಾ ಇಲ್ಲಿ ಕುಡೀತೀನಿ, ಅಷ್ಟೇ."

ಕೂರುತ್ತಾರೆ. ಬಟ್ಟಲು ಮುಗಿಯುವ ಮೊದಲೇ ಸೊಂಟ ಹಿಡಿದಂತಾಗುತ್ತದೆ. ಚಳಿ ಬರುತ್ತಿರುವುದು ಬೀದಿ ಬಾಗಿಲಿಂದಲ್ಲ, ಬೆನ್ನ ಹಿಂದಿನಿಂದ. ಅಲ್ಲಿ ಗೋಡೆಗೆ ಕಸೂತಿಯ ಪರದೆ ತೂಗಿದೆ. ತೋರ್‌ನಿಂದ ನೋಡಿದರೆ ಬರೀ ಅಲಂಕಾರ. ಜೆಕ್ಷೆನ್ ಪರದೆ ಎತ್ತುತ್ತಾರೆ. ಹಿಂದೆ ಬೆರಳುದ್ದ ಬಿರುಕು ಬಿಟ್ಟ ತೆಳು ಹಲಗೆಯ ಕದ. ಆಚೆ ಕತ್ತಲೆ ಉಗ್ರಾಣ. ಚಳಿಗಾಲಕ್ಕೆಂದು ಕಡಿದ ಕುದುರೆ ಮಾಂಸ ಅಲ್ಲಿ ತೂಗುತ್ತಿದೆ. ಮಾಂಸ ಹೆಪ್ಪುಗಟ್ಟಿರಲಿ ಎಂದು ಗೋಡೆಯಲ್ಲಿ ಬಿಟ್ಟ ಕಿಂಡಿಯಿಂದ ಹೊರಗಿನ ಚಳಿಯೆಲ್ಲ ಒಳಗೇ ಬಂದು ಕೂತಿದೆ.

"ಎರಡೇ ಬಾಗಿಲು ಅಂದ್ರಲ್ಲ ಅಣ್ಣ?"

"ಅದೂ ಒಂದು ಬಾಗಿಲಾ? ಮಾಂಸದ ಕೋಣೆ ಅದು. ನಾನು ಅಲ್ಲಿಗೆ ಹೋಗೋದೇ ಇಲ್ಲ."

ಉಮ್ಸುನ್ ಸೊಸೆಯ ಕಡೆ ತಿರುಗುತ್ತಾರೆ. "ಇಷ್ಟು ಚಳಿ ಇದ್ರೂ ಬಾಯಿ ಬಿಡ್ಲಿಲ್ವಲ್ಲೇ!"

ಜಿಪಾರ್ ತಲೆ ತಗ್ಗಿಸಿಯೇ ಪಿಸುಗುಡುತ್ತಾಳೆ. "ಸೊಸೆ ಜಾಗ ಅಲ್ವಾ ಅತ್ತೆ, ಹಿಂಗೇ ಇರತ್ತೆ ಅಂದ್ಕೊಂಡೆ. ನಮ್ಮಮ್ಮ ಕೂರೋ ಜಾಗಾನೂ ಹಿಂಗೇ ಇತ್ತು."

ಉಮ್ಸುನ್ ತೊಟ್ಟಿಲನ್ನು ಎಳೆದು ಒಲೆಯ ಹತ್ತಿರ ಇಡುತ್ತಾರೆ. ಉಗ್ರಾಣಕ್ಕೆ ಕಂಬಳಿ ತುಂಬಿದ ದಪ್ಪ ಬಾಗಿಲು ಹಾಕಿದರೆ ಒಂಬತ್ತು ಸಾವಿರ ಸಾಕು ಎನ್ನುತ್ತಾರೆ ಜೆಕ್ಷೆನ್. ಯಾರೂ ನೋಡದ ಬಾಗಿಲಿಗೆ ಒಂಬತ್ತು ಸಾವಿರವೇ ಎಂದು ಸಗಿನ್‌ಬಾಯ್ ರಾಗ ಎಳೆಯುತ್ತಾರೆ.

"ಅತಿಥಿಗಳು ವರ್ಷಕ್ಕೆ ಎರಡು ಸಲ ಬರ್ತಾರೆ," ಎನ್ನುತ್ತಾರೆ ಹೆಂಡತಿ. "ನಿನ್ನ ಮೊಮ್ಮಗ ದಿನಾ ಇಲ್ಲೇ ಇರ್ತಾನೆ ಮುದುಕಾ. ಸುಮ್ನೆ ದುಡ್ಡು ತೆಗಿ."

ಮರುದಿನ ಜೆಕ್ಷೆನ್ ತಮ್ಮ ಕೊಟ್ಟಿಗೆಯಲ್ಲಿ ಆ ಬಾಗಿಲಿಗೆ ಹತ್ತರಿ ಹೊಡೆಯುತ್ತಿದ್ದಾರೆ. ಕೈ ಓಡುತ್ತಿದೆ, ಮುಖದಲ್ಲಿ ಗೆಲುವಿಲ್ಲ. ಇಷ್ಟು ವರ್ಷ ಎಲ್ಲ ಮನೆಗಳಲ್ಲೂ ತೋರ್‌ನಲ್ಲೇ ಕೂತು ಲೆಕ್ಕ ಹೇಳಿದೆನಲ್ಲ ಎಂಬ ಪೇಚಾಟ. ಇನ್ನು ಮುಂದೆ ಬಾಗಿಲ ಹತ್ತಿರ ಕೂರುತ್ತೇನೆ ಎಂದರೆ ಯಾರು ಬಿಡುತ್ತಾರೆ? ಅದೂ ತಿಳಿಯದು. ಮಧ್ಯಾಹ್ನ ಊಟಕ್ಕೆ ಮನೆಯೊಳಗೆ ಹೋದವರು ಸೀದಾ ತಮ್ಮ ಸೊಸೆ ಮಿರ್ಗುಲ್ ಜಾಗದಲ್ಲಿ ಕೂತುಬಿಟ್ಟಿದ್ದಾರೆ. ಮನೆಯೆಲ್ಲ ಗಾಬರಿ.

"ಯಾರ ಮೇಲೆ ಮುನಿಸು ನಿಂಗೆ?" ಎಂದು ಕೇಳುತ್ತಾರೆ ಹೆಂಡತಿ ಕಾಲಿಯಾ. ಮಿರ್ಗುಲ್ ಕಣ್ಣಲ್ಲಿ ನೀರು. "ಮಾವ, ನನ್ನಿಂದೇನಾದ್ರೂ ತಪ್ಪಾಯ್ತಾ?"

"ನಿಂದೇನಿಲ್ಲ ತಾಯಿ. ಚಹಾ ಸುರಿ," ಎಂದು ಜೆಕ್ಷೆನ್, ಬೆನ್ನಿಗೆ ಚಳಿ ಬಡಿಯುತ್ತಿದ್ದರೂ, ಅಲ್ಲೇ ಕೂತು ಊಟ ಮುಗಿಸುತ್ತಾರೆ.

ಕೊಟ್ಟಿಗೆಗೆ ವಾಪಸಾಗಿ ಮತ್ತೆ ಹತ್ತರಿ ಎತ್ತಿಕೊಳ್ಳುತ್ತಾರೆ. ಹಲಗೆಯ ಮೇಲೆ ಕೈಯಾಡಿಸುತ್ತ ಹೇಳುತ್ತಾರೆ:

"ಈ ಬೇಸಿಗೆಗೆ ನಮ್ಮನೇಗೂ ಒಂದು ಬಾಗಿಲು ಮಾಡ್ಬೇಕು. ಬೇರೇನೂ ಆಸೆ ಇಲ್ಲ. ಹನ್ನೊಂದು ಚಳಿಗಾಲ ಆ ಹುಡುಗಿ ಅಲ್ಲಿ ಕೂತು ನಂಗೆ ಚಹಾ ಕೊಟ್ಟಿದಾಳೆ. ಚಹಾ ಬಿಸಿಯಾಗೇ ಇರ್ತಿತ್ತಲ್ಲ, ಮನೆನೂ ಬೆಚ್ಚಗಿದೆ ಅಂದ್ಕೊಂಡಿದ್ದೆ."