ಯಾವ ಕೆಮ್ಮು, ಎಷ್ಟು ದಿನದ್ದು?

ನಮ್ಮ ಆಸ್ಪತ್ರೆಯಲ್ಲಿ ರೋಗಿಗಳ ಫೈಲು ನೋಡಿ ದಾಖಲೆಗಾಗಿ ರೋಗಗಳಿಗೆ ಕೋಡ್ ನಂಬರು ಹಾಕುವ ಗುಮಾಸ್ತರೊಬ್ಬರನ್ನು ನಾವೆಲ್ಲ ಕೆಮ್ಮಣ್ಣ ಅನ್ನುತ್ತೇವೆ. ಡಾಕ್ಟರು ಬರೀ 'ಬ್ರಾಂಕೈಟಿಸ್' ಅಂತ ಗೀಚಿದರೆ ಸಾಕು, ಫೈಲು ಹಿಡಿದು ಅವರ ಕೋಣೆಗೇ ನುಗ್ಗುತ್ತಾರೆ. "ಹೊಸದೋ, ವರ್ಷಗಟ್ಟಲೆ ಹಳೇದೋ? ಕಫ ಬರುತ್ತೋ ಇಲ್ವೋ? ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಬರೆದ್ರೆ ನಾನೇನು ಕಣಿ ಹೇಳ್ಲಾ ಸಾರ್?" ಇವರ ಚಪ್ಪಲಿ ಸದ್ದು ಕೇಳಿದರೆ ದೊಡ್ಡ ಡಾಕ್ಟರೂ ಪೆನ್ನು ಹುಡುಕುತ್ತಾರೆ. ಬಸ್ಸಿನಲ್ಲಿ ಯಾರೋ ಕೆಮ್ಮಿದರೂ ಕಿವಿ ನಿಮಿರಿಸಿ, "ಇದು ಹಳೇದು, ಕಫದ್ದು" ಎಂದು ಪಕ್ಕದವರಿಗೆ ತೀರ್ಪು ಕೊಡುತ್ತಾರೆ. ಮೊನ್ನೆ ಅವರ ಮನೆಗೆ ಹೋದಾಗ ಅವರ ಹೆಂಡತಿ, ಅಂದರೆ ನಮ್ಮ ಅತ್ತಿಗೆ, ನೀರು ತಂದುಕೊಟ್ಟು, ಬಾಗಿಲ ಚೌಕಟ್ಟು ಹಿಡಿದು ಕೆಮ್ಮತೊಡಗಿದರು. ಅದು ನಿಲ್ಲಲೇ ಇಲ್ಲ. "ಇದು ಯಾವ ಕೆಮ್ಮು ಅಣ್ಣಾ, ಎಷ್ಟು ದಿನದ್ದು?" ಎಂದೆ. ಅತ್ತಿಗೆಯ ಬೆನ್ನು ನೀವುತ್ತಾ, ನನ್ನ ಮುಖ ನೋಡದೆ ಅಂದರು: "ಏನಿಲ್ಲ ಬಿಡು. ಬರೀ ಕೆಮ್ಮು."