ಲವಂಗದೆಣ್ಣೆ ಮಾವ

ನಮ್ಮ ಮೇಲಿನ ಮಹಡಿಯ ಹಿರಿಯರನ್ನು ಬೀದಿಯವರೆಲ್ಲ ಲವಂಗದೆಣ್ಣೆ ಮಾವ ಎನ್ನುತ್ತಾರೆ. ಮೂವತ್ತು ವರ್ಷ ಮನೆಮನೆಗೆ ಹೋಗಿ ಜಿರಳೆಗೆ ವಿಷ ಹೊಡೆದವರು, ನಿವೃತ್ತರಾದ ಮೇಲೆ ಗಿಡಗಳ ಸುಗಂಧ ತೈಲದ ಪರಮಭಕ್ತರಾಗಿದ್ದಾರೆ. ಅಕ್ಕಿ ಡಬ್ಬಕ್ಕೆ ಲವಂಗದೆಣ್ಣೆ, ಕಿಟಕಿಗೆ ನಿಂಬೆಹುಲ್ಲಿನೆಣ್ಣೆ, ಬಟ್ಟೆಯ ಕಪಾಟಿಗೆ ನೀಲಗಿರಿ. ಕರಿಯುವ ಎಣ್ಣೆಗೂ ಎರಡು ತೊಟ್ಟು ಲವಂಗದೆಣ್ಣೆ ಬಿಟ್ಟು, "ಇನ್ನು ಇದು ಕಮಟಾಗೋದಿಲ್ಲಮ್ಮ, ಆಂಟಿಆಕ್ಸಿಡೆಂಟು," ಎಂದು ನನಗೆ ಪಾಠ ಹೇಳುತ್ತಾರೆ. ಕಮಟಾಗದಿರುವುದೇನೋ ನಿಜ, ಆದರೆ ಅದರಲ್ಲಿ ಕರಿದದ್ದೆಲ್ಲ ಹಲ್ಲುನೋವಿನ ಔಷಧಿಯಂತಿರುತ್ತದೆ. ಅವರ ಅಡುಗೆಮನೆಯ ಜಿರಳೆಗಳಂತೂ ಪರಿಮಳ ಪೂಸಿಕೊಂಡು ನಮ್ಮ ಮನೆಗೆ ಬಿಡಾರ ಬದಲಿಸಿವೆ. ದೂರಿದರೆ, "ಸಾಯಿಸಬಾರದಮ್ಮ, ದಾರಿ ತೋರಿಸಬೇಕು," ಎನ್ನುತ್ತಾರೆ. ಆ ದಾರಿ ಯಾರ ಬಾಗಿಲಿಗೆ ಬರುತ್ತದೆ ಎಂಬುದನ್ನು ಮಾತ್ರ ಹೇಳುವುದಿಲ್ಲ. ಮೊನ್ನೆ ತಾಳ್ಮೆ ಕೆಟ್ಟು, "ನಿಮ್ಮ ಹಳೇ ಔಷಧೀನೇ ಒಂದ್ಸಲ ಹೊಡೀಬಾರ್ದಾ ಮಾವ?" ಎಂದೆ. ಅವರು ಕೈಲಿದ್ದ ಲವಂಗದೆಣ್ಣೆ ಸೀಸೆಯ ಮುಚ್ಚಳ ತಿರುಗಿಸಿ ಬಿಗಿ ಮಾಡಿದರು. "ಕೆಲಸ ಮುಗಿಸಿ ಬಂದು ಎತ್ಕೊಳ್ಳೋಕೆ ಹೋದ್ರೆ, ನನ್ನ ಮಗಳು ಮೂಗು ಮುಚ್ಕೊಂಡು ಓಡ್ತಿದ್ಲು. ಎಷ್ಟು ತಿಕ್ಕಿ ಸ್ನಾನ ಮಾಡಿದ್ರೂ ಆ ವಾಸನೆ ಹೋಗ್ತಿರ್ಲಿಲ್ಲಮ್ಮ," ಎಂದರು. ಅಷ್ಟರಲ್ಲಿ ಒಳಗಿಂದ ಬಂದ ಮೊಮ್ಮಗಳು ತೊಡೆ ಹತ್ತಿ ಅವರ ಕುತ್ತಿಗೆಗೆ ಮುಖವೊತ್ತಿ ಕೂತಳು. ನಾನು ಕೆಳಗಿಳಿದು ಬಂದು, ಜಿರಳೆಗಳಿಗೆ ದಾರಿ ತೋರಿಸಲು ಪೊರಕೆ ಕೈಗೆತ್ತಿಕೊಂಡೆ.